ಗಡ್ಡೆಯ ಕೋಪ, ಮಾತ್ರೆಯ ಕೋಪ

"ನಮ್ಮೆಜಮಾನ್ರು ಹೀಗಿರಲಿಲ್ಲ ಸಿಸ್ಟರ್." ಮಿದುಳು ಗಡ್ಡೆಯ ರೋಗಿಗಳಿರುವ ವಾರ್ಡಿನಲ್ಲಿ ನರ್ಸುಗಳಿಗೆ ಇಂಥ ಮಾತು ಹೊಸದಲ್ಲ. ಸಾಧು ಸ್ವಭಾವದವರು ಸಿಡಿಮಿಡಿಗೊಳ್ಳುತ್ತಾರೆ, ಮಾತಿನಮಲ್ಲರು ಗೋಡೆ ನೋಡುತ್ತ ಕೂರುತ್ತಾರೆ. ಕಾಯಿಲೆಗೆ ಹೆದರಿ ಹೀಗಾಗಿದ್ದಾರೆ ಎಂದುಕೊಳ್ಳುತ್ತಾರೆ ಮನೆಯವರು. ಹೆದರಿಕೆ ಸುಳ್ಳಲ್ಲ. ಆದರೆ ಹಣೆಯ ಹಿಂದಿನ ಭಾಗದಲ್ಲಿ ಗಡ್ಡೆ ಬೆಳೆದರೆ ಆ ಗಡ್ಡೆಯೇ ಸ್ವಭಾವವನ್ನು ಬದಲಿಸಬಲ್ಲದು. ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆಗೆಡಿಸುತ್ತದೆ, ಕೆಲವರಲ್ಲಿ ಭ್ರಮೆ ಹುಟ್ಟಿಸುತ್ತದೆ. ಫಿಟ್ಸ್ ತಡೆಯುವ ಲೆವೆಟಿರಾಸಿಟಾಮ್‌ನಿಂದಲೂ ಸಿಡುಕು ಬರಬಹುದು.

ಯಾವ ಕೋಪ ಯಾವುದರದ್ದು? ರೌಂಡ್ಸಿಗೆ ಬಂದು ಹೋಗುವ ವೈದ್ಯರಿಗೆ ಇದು ಸುಲಭಕ್ಕೆ ತಿಳಿಯದು. ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ನರ್ಸ್. ಡೆಕ್ಸಾಮೆಥಾಸೋನ್ ಹೆಚ್ಚಿಸಿದ ಮಾರನೆಯ ದಿನದಿಂದ ನಿದ್ದೆಯಿಲ್ಲ ಎಂದು ಅವರು ಕೇಸ್‌ಶೀಟಿನಲ್ಲಿ ಬರೆದರೆ, ವೈದ್ಯರು ಸಂಜೆಯ ಡೋಸನ್ನು ಬೆಳಗಿನ ಹೊತ್ತಿಗೆ ಸರಿಸಬಹುದು. ಬೆನ್ನು ತಟ್ಟಿ "ಧೈರ್ಯವಾಗಿರಿ" ಎನ್ನುವುದಕ್ಕಿಂತ ಆ ಒಂದು ಸಾಲೇ ದೊಡ್ಡ ಆಸರೆ ಎಂಬುದು ನನ್ನ ಅಭಿಪ್ರಾಯ.

ಮಿದುಳಿನ ಚಿಕಿತ್ಸೆಗೆ ಕನ್ನಡಿಗರು ಚೆನ್ನೈಗೂ ಹೋಗುತ್ತಾರೆ. ಆ ಊರು ಮದ್ರಾಸ್ ಆಗಿದ್ದಾಗ, 1950ರಲ್ಲಿ, ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ಡಾ. ಬಿ. ರಾಮಮೂರ್ತಿ ನರಶಸ್ತ್ರಚಿಕಿತ್ಸೆ ಆರಂಭಿಸಿದರು. 1954ರಲ್ಲಿ ಅಲ್ಲೇ ಶುರುವಾದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಈಗ ರೋಗಿಗಳ ಮನಸ್ಸಿಗೆಂದೇ ಸೈಕೋ-ಆಂಕಾಲಜಿ ವಿಭಾಗವಿದೆ. ಆದರೆ ಅಲ್ಲಿಗೆ ಹೋಗುವ ಕನ್ನಡಿಗರಿಗೆ ಇನ್ನೊಂದು ತೊಡಕು, ಭಾಷೆ. ಗಡ್ಡೆ ಮಿದುಳಿನ ಎಡಭಾಗದಲ್ಲಿದ್ದರೆ ಮಾತೇ ತಡವರಿಸಬಹುದು; ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗೂ ಒಂದೇ ಸಮ ಪೆಟ್ಟು ಬೀಳುವುದಿಲ್ಲ. ಆಗ ನರ್ಸ್ ಹೌದು-ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು, ನೀರು, ನೋವು, ಶೌಚಾಲಯದ ಚಿತ್ರ ತೋರಿಸಬೇಕು, ಮುಖ್ಯವಾಗಿ ಉತ್ತರಕ್ಕೆ ಕಾಯಬೇಕು. ಗಟ್ಟಿಯಾಗಿ ಕೂಗುವುದರಿಂದ ಪ್ರಯೋಜನವಿಲ್ಲ, ಅವರಿಗೆ ಕಿವಿ ಕೇಳಿಸುತ್ತದೆ.

ರೇಡಿಯೇಷನ್ನಿನ ಮುಖವಾಡದ ಭಯ ಬೇರೆಯೇ. ಬಿಸಿನೀರಿನಲ್ಲಿ ಮೆದುವಾದ ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಅಚ್ಚು ತೆಗೆಯುತ್ತಾರೆ. ತಲೆ ಅಲುಗದಂತೆ ಅದನ್ನು ಮಂಚಕ್ಕೆ ಬಿಗಿಯುತ್ತಾರೆ. ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳು ಗಡ್ಡೆಯವರಿಗೆ ಸಾಮಾನ್ಯವಾಗಿ ಆರು ವಾರದಲ್ಲಿ 30 ಸಲ ಇದೇ ಕಟ್ಟು. ಅಚ್ಚು ತೆಗೆಯುವಾಗ ಹಾಳೆ ಬೆಚ್ಚಗಿರುತ್ತದೆ, ಉಸಿರಾಡಬಹುದು, ಕ್ಯಾಮೆರಾದಲ್ಲಿ ನೋಡುತ್ತಿರುತ್ತೇವೆ, ಕೈಯೆತ್ತಿದರೆ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಮನೆಯವರೇ, ರೋಗಿಯ ನಡವಳಿಕೆ ಬದಲಾದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಯಾವಾಗಿನಿಂದ ಎಂಬುದನ್ನೂ ಸೇರಿಸಿ ನರ್ಸಿಗೆ ಹೇಳಿ. ನಿಮಗೇ ತಡೆಯಲಾಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಮಾತನಾಡಬಹುದು.