ಚೀಲ ಎತ್ತೋದು ಕಲೀರಿ, ಸೊಂಟ ಉಳಿಸ್ಕೊಳ್ರಿ!

ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೆ ಸಾವ್ಕಾರರು ಮಾಡುವ ಮೊದಲ ಕಸರತ್ತು ಯಾವುದು? ಬಾಗಿಲಿಗೆ ಅಡ್ಡ ಬಿದ್ದ ಸಕ್ಕರೆ ಚೀಲ ಒಳಗೆ ಸಾಗಿಸುವುದು. ಹಮಾಲ ಇನ್ನೂ ಬಂದಿಲ್ಲ, ಗಿರಾಕಿ ಬಂದು ನಿಂತಾನ. ‘ಅದೇನ್ ಮಹಾ’ ಅಂತ ಬೆನ್ನು ಬಿಲ್ಲಿನಂತೆ ಬಾಗಿಸಿ ಒಂದೇ ಜಗ್ಗು! ಸೊಂಟ ‘ಕಟ್’ ಅಂತು. ಚೀಲ ಇದ್ದಲ್ಲೇ ಇತ್ತು, ಸಾವ್ಕಾರರು ಹಾಸಿಗೆ ಹಿಡಿದರು.

ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿನ ಬಜಾರಕ್ಕೆ ಹೋದರೂ ಈ ಕಥೆ ಹೊಸದಲ್ಲ. ತೊಗರಿ ಸುಗ್ಗಿಯಲ್ಲಿ ಅಡತಿ ಅಂಗಡಿ ಮುಂದೆ, ಕಬ್ಬಿನ ಹಂಗಾಮಿನಲ್ಲಿ ಲಾರಿ ಬಾಜೂಕ, ಬಸ್ ಸ್ಟ್ಯಾಂಡಿನಲ್ಲಿ ಗಂಟುಮೂಟೆ ಸಮೇತ ನಮ್ಮ ಮಂದಿ ದಿನಾ ಭಾರ ಎತ್ತುತ್ತಾರೆ. ಆದರೆ ಎತ್ತೋದನ್ನ ಯಾರು ಕಲಿಸಿದರು?

ಈ ಬರಹಗಾರನ ಪಾಡೂ ಅದೇ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಹೊಸತರಲ್ಲಿ ಬಸ್ಸಿನಿಂದ ಪೇಪರ್ ಬಂಡಲ್ ಇಳಿಸುವಾಗ ಸೊಂಟ ತಿರುವಿ ಜಗ್ಗಿದೆ. ಮೂರು ವಾರ ಗೋಡೆ ಹಿಡಿದು ನಡೆದೆ. ಬುದ್ಧಿ ಬಂದದ್ದು ಆಮೇಲೆ.

ಡೆಡ್‌ಲಿಫ್ಟ್ ಅಂದರೇನು?

ಈಗಿನ ಹುಡುಗರು ಜಿಮ್ಮಿಗೆ ಹೋಗಿ ‘ಡೆಡ್‌ಲಿಫ್ಟ್’ ಮಾಡುತ್ತಾರೆ. ಹೆಸರು ಕೇಳಿ ಹೆದರಬೇಡಿ. ನೆಲದ ಮೇಲೆ ಸುಮ್ಮನೆ ಬಿದ್ದ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವುದು, ಅಷ್ಟೆ. ಗಂಡಸರ ಸ್ಪರ್ಧೆಯ ಕಬ್ಬಿಣದ ಸರಳೊಂದೇ 20 ಕಿಲೋ. ಪವರ್‌ಲಿಫ್ಟಿಂಗಿನ ಮೂರು ಪಟ್ಟುಗಳಲ್ಲಿ ಇದೂ ಒಂದು. ಒಲಿಂಪಿಕ್ಸಿನ ವೇಟ್‌ಲಿಫ್ಟಿಂಗ್ ಬೇರೆ, ಅಲ್ಲಿ ಭಾರ ತಲೆ ಮೇಲೆ ಹೋಗಬೇಕು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಎರಡು ಪಟ್ಟು ಸೇರಿ 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಬರೀ ತೋಳಿನ ಬಲದಿಂದ ಆಗುವ ಮಾತೇ ಇದು? ಕಾಲು, ಸೊಂಟ, ಉಸಿರು ಎಲ್ಲವೂ ಕೂಡಿ ದುಡಿಯಬೇಕು.

ಒಂದು ಲೆಕ್ಕ ನೋಡಿ. ಭಾರ ಸೊಂಟದಿಂದ ದೂರ ಹೋದಷ್ಟೂ ಬೆನ್ನಿನ ಸ್ನಾಯು ಹೆಚ್ಚು ಜಗ್ಗಬೇಕು. ಆ ಸ್ನಾಯು ಬೆನ್ನುಮೂಳೆಗೆ ಸುಮಾರು 5 ಸೆಂ.ಮೀ. ಹಿಂದೆ ಇದೆ ಅಂತಿಟ್ಟುಕೊಳ್ಳಿ. 20 ಕಿಲೋ ಗಂಟನ್ನು 25 ಸೆಂ.ಮೀ. ಮುಂದೆ ಹಿಡಿದರೆ ಸ್ನಾಯುವಿನ ಪಾಲಿಗೆ ಅದು 100 ಕಿಲೋ, 50 ಸೆಂ.ಮೀ. ದೂರ ಹಿಡಿದರೆ 200 ಕಿಲೋ! ಮೈಭಾರ ಬೇರೆ. ಗಂಟು ಅದೇ, ಸೊಂಟ ಕಟ್ಟುವ ಸುಂಕ ಮಾತ್ರ ದುಪ್ಪಟ್ಟು.

ಹೀಗೆ ಎತ್ತಿ

ಭಾರದ ಹತ್ತಿರ ಹೋಗಿ. ಪಾದದ ನಡುವೆ ಒಂದಿಷ್ಟು ಅಂತರ ಇರಲಿ. ಕುಂಡಿ ಹಿಂದಕ್ಕೆ ಒಯ್ದು, ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ಬಾಗಿ. ಉಸಿರು ತುಂಬಿ ಹೊಟ್ಟೆ ಬಿಗಿ ಮಾಡಿ. ಭಾರವನ್ನು ಮೈಗೆ ತಗುಲಿಸಿಕೊಂಡೇ, ಪಾದದಿಂದ ನೆಲ ಒತ್ತಿ ಏಳಿ. ಒಮ್ಮೆಲೆ ಜಗ್ಗಬೇಡಿ. ತಿರುಗಬೇಕಾದರೆ ಸೊಂಟ ತಿರುವದೆ ಕಾಲು ಸರಿಸಿ. ಇಳಿಸುವುದೂ ಇದೇ ಕ್ರಮದಲ್ಲಿ. ಬಹಳ ಮಂದಿ ಎಡವುವುದು ಇಳಿಸುವಾಗಲೇ.

ಶಕ್ತಿ ಬೆಳೆಸುವವರು ಹಗುರದಿಂದ ಶುರು ಮಾಡಬೇಕು. ಐದು ಸಲ ಎತ್ತಿ, ಎರಡು ಮೂರು ನಿಮಿಷ ದಮ್ಮು ತೊಗೊಂಡು, ಹೀಗೆ ಮೂರು ಸುತ್ತು. ವಾರಕ್ಕೆ ಎರಡು ದಿನ ಸಾಕು. ಎಲ್ಲವೂ ಸಲೀಸಾದರೆ ಮುಂದಿನ ಸಲ ಎರಡೂವರೆ ಕಿಲೋ ಏರಿಸಿ. ಇವತ್ತು ಬಿತ್ತಿ ನಾಳೆ ರಾಶಿ ಮಾಡಲಿಕ್ಕಾಗತದೇನು?

ಇದೇನು ಬರೀ ಪರದೇಶದ ವಿದ್ಯೆ ಅನ್ನಬೇಡಿ. ಗರಡಿ ಮನೆಯಲ್ಲಿ ಉಸ್ತಾದರು ಹುಡುಗನಿಗೆ ಮೊದಲು ದಂಡ, ಬೈಠಕ್ ಹೊಡೆಸಿಯೇ ಮುಂದಿನ ಮಾತು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿ ಹೊತ್ತಿಗೆ ಭಾರ ಎತ್ತುವ ಸ್ಪರ್ಧೆ ನೋಡಿದವರಿಗೆ ಗೊತ್ತು, ಪೈಲ್ವಾನ ಗುಂಡುಕಲ್ಲನ್ನು ಎದೆಗೆ ಅಪ್ಪಿಕೊಂಡೇ ಏಳುತ್ತಾನೆ. ‘ಭಾರ ಮೈಗೆ ಹತ್ತಿರ’ ಎಂಬ ಪಾಠ ಅಲ್ಲೇ ಇದೆ.

ಹಮಾಲನ ಬೆನ್ನು ಯಾರದು?

ಜಿಮ್ಮಿನ ಹುಡುಗ ಹದಿನೈದು ಸಲ ಎತ್ತಿ ಮನೆಗೆ ಹೋಗುತ್ತಾನೆ. ಹಮಾಲ ಬೆಳಗ್ಗಿನಿಂದ ಸಂಜೆವರೆಗೆ ಎತ್ತುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಾಳು ಹೊರುವ ಭಾರಕ್ಕೆ 55 ಕಿಲೋ ಮಿತಿ ಇರಲಿ ಎಂದು ಶಿಫಾರಸು ಮಾಡಿತು. ಕ್ವಿಂಟಲ್ ಚೀಲ ಒಬ್ಬನೇ ಬೆನ್ನ ಮೇಲೆ ಹೊತ್ತ ಹಿರಿಯರನ್ನು ಕೇಳಿ ನೋಡಿ, ಮೊದಲು ಸೊಂಟದ ಮೇಲೆ ಕೈ ಇಡುತ್ತಾರೆ, ಆಮೇಲೆ ಮಾತು.

ಎತ್ತುವ ರೀತಿ ಕಲಿತ ಮಾತ್ರಕ್ಕೆ ನೋವು ಬರುವುದೇ ಇಲ್ಲ ಅಂತಲ್ಲ. ಭಾರವೂ ಕಮ್ಮಿ ಆಗಬೇಕು. ಅಂಗಡಿಯವರು ಒಂದು ಕೈಗಾಡಿ ಇಡಲಿ, ಚೀಲ ನೆಲದ ಮೇಲೆ ಒಗೆಯದೆ ಸೊಂಟದೆತ್ತರದ ಕಟ್ಟೆ ಮೇಲೆ ಇಳಿಸಲಿ, ದೊಡ್ಡ ಚೀಲಕ್ಕೆ ಇಬ್ಬರನ್ನು ಹಚ್ಚಲಿ. ನೋವು ಕಾಲಿಗಿಳಿದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ, ಎಣ್ಣೆ ತಿಕ್ಕುತ್ತ ಕೂಡದೆ ಕೂಡಲೆ ಡಾಕ್ಟರ ಹತ್ತಿರ ಒಯ್ಯಬೇಕು.

ಹರಿದ ಚೀಲಕ್ಕೆ ದಬ್ಬಣ ಉಂಟು. ಹರಿದ ಸೊಂಟಕ್ಕೆ ದಬ್ಬಣ ಯಾವ ಅಂಗಡಿಯಲ್ಲಿ ಸಿಗತದ, ಸಾವ್ಕಾರ್ರೇ?