ಕಾರ್ಬ್ಯುರೇಟರ್ ದೊಡ್ಡದಾದಷ್ಟೂ ಒಳ್ಳೆಯದೇ?

ಪ್ರಶ್ನೆ: ಅಮೆರಿಕದ ಹಳೆಯ ಮಸಲ್ ಕಾರುಗಳಿಗೆ ದೊಡ್ಡ ಕಾರ್ಬ್ಯುರೇಟರ್ ಹಾಕಿದಷ್ಟೂ ಶಕ್ತಿ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಎಂಜಿನ್ ತಾನು ಎಳೆದುಕೊಳ್ಳಬಲ್ಲಷ್ಟೇ ಗಾಳಿ ಕುಡಿಯುತ್ತದೆ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾಯಬಹುದು ಎಂಬುದೇ ಕಾರ್ಬ್ಯುರೇಟರಿನ ಅಳತೆ. ಅದನ್ನು ಸಿಎಫ್‌ಎಂ ಎನ್ನುತ್ತಾರೆ. ಲೆಕ್ಕ ಸುಲಭ: ಎಂಜಿನ್ನಿನ ಘನ ಇಂಚುಗಳನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 1969ರ ಶೆವ್ರೊಲೆ ಕಮಾರೊದಲ್ಲಿ ಬರುತ್ತಿದ್ದ 350 ಘನ ಇಂಚಿನ ವಿ8 ಎಂಜಿನ್ನನ್ನು 5500 ಆರ್‌ಪಿಎಂವರೆಗೆ ಓಡಿಸಿದರೆ ಸುಮಾರು 557 ಬರುತ್ತದೆ. ಸಿಲಿಂಡರುಗಳು ಪೂರ್ತಿ ತುಂಬುವುದಿಲ್ಲ, ಶೇ. 85 ಎಂದು ಹಿಡಿದರೆ 473. ಅಂದರೆ 600 ಸಿಎಫ್‌ಎಂ ಧಾರಾಳವಾಯಿತು.

ಅದೇ ಎಂಜಿನ್ನಿಗೆ 850ರದ್ದು ಕೂರಿಸಿದರೆ? ಅಗಲವಾದ ವೆಂಚುರಿಯಲ್ಲಿ, ಅಂದರೆ ಕಾರ್ಬ್ಯುರೇಟರಿನ ಕೊರಳಿನಲ್ಲಿ, ಗಾಳಿ ನಿಧಾನವಾಗಿ ಹಾಯುತ್ತದೆ, ಪೆಟ್ರೋಲನ್ನು ಎಳೆಯುವ ಸೆಳೆತ ಕುಗ್ಗುತ್ತದೆ, ಹನಿಗಳು ಸಣ್ಣಗೆ ಒಡೆಯುವುದಿಲ್ಲ. ಸಿಗ್ನಲ್ ಹಸಿರಾದೊಡನೆ ಆಕ್ಸಿಲರೇಟರ್ ತುಳಿದರೆ ಕಾರು ಮುನ್ನುಗ್ಗುವ ಬದಲು ಮುಗ್ಗರಿಸುತ್ತದೆ.

ಆಟೊಮ್ಯಾಟಿಕ್ ಗೇರಿನ ಭಾರದ ಕಾರಿಗೆ ವ್ಯಾಕ್ಯೂಮ್ ಸೆಕೆಂಡರಿಯ ನಾಲ್ಕು ಬ್ಯಾರಲ್ (ಗಾಳಿ ಹಾಯುವ ಕೊಳವೆ) ಇರುವ ಕಾರ್ಬ್ಯುರೇಟರ್ ಲೇಸು. ಗಾಳಿಯ ಹರಿವು ಸಾಕಷ್ಟು ಏರಿದ ಮೇಲಷ್ಟೇ ಅದರ ಎರಡನೆಯ ಜೋಡಿ ಬ್ಯಾರಲ್ ತೆರೆಯುತ್ತದೆ. ದಿನಬಳಕೆಯ ಕಾರಿಗೆ ಎರಡು ಅಳತೆಗಳ ನಡುವೆ ಅನುಮಾನವಾದರೆ ಚಿಕ್ಕದನ್ನೇ ಕೊಳ್ಳಿ.