ಎರಡು ಪಟ್ಟಿಗಳು ಒಂದಾಗುವ ಬಗೆ

ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟುಕೊಳ್ಳುವುದು ಬಹಳ ಹಳೆಯ ಪದ್ಧತಿ. ಹಿಂದೆ ಇದಕ್ಕೆ ಒಂದು ಚೀಟಿ ಸಾಕಾಗುತ್ತಿತ್ತು. ಈಗ ಚೀಟಿಯ ಸ್ಥಾನಕ್ಕೆ ಕಂಪ್ಯೂಟರ್ ಮತ್ತು ಫೋನುಗಳಲ್ಲಿನ ಕಾರ್ಯಪಟ್ಟಿಯ ತಂತ್ರಾಂಶಗಳು ಬಂದಿವೆ. ಪರೀಕ್ಷಾ ಶುಲ್ಕವನ್ನು ಕಟ್ಟಲು ಆಗಸ್ಟ್ 15 ಕಡೆಯ ದಿನವೆಂದು ಕಾಲೇಜಿನಿಂದ ಇ-ಮೇಲ್ ಬಂದಿತೆಂದು ಇಟ್ಟುಕೊಳ್ಳೋಣ. ವಿದ್ಯಾರ್ಥಿಯು ಇ-ಮೇಲ್ ತಂತ್ರಾಂಶದಲ್ಲಿಯೇ ಅದನ್ನೊಂದು ಕೆಲಸವೆಂದು ಗುರುತುಮಾಡಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅದು ಅವನ ಫೋನಿನ ಕಾರ್ಯಪಟ್ಟಿಯಲ್ಲಿಯೂ ಕಾಣಿಸಬೇಕು. ಕಾಣಿಸದೆ ಹೋದರೆ, ಅಥವಾ ಬೇರೊಂದು ತಾರೀಖಿನೊಡನೆ ಕಾಣಿಸಿದರೆ, ಒಂದು ವರ್ಷದ ಓದಿಗೇ ಸಂಚಕಾರ ಬರಬಹುದು. ಹೀಗೆ ಎರಡು ಕಡೆಯ ಪಟ್ಟಿಗಳನ್ನು ಸಮನಾಗಿಡುವ ಕ್ರಿಯೆಗೆ ‘ಸಿಂಕ್’ ಎಂದು ಹೆಸರು. ನೋಡುವುದಕ್ಕೆ ಸುಲಭವಾದ ಈ ಕ್ರಿಯೆಯು ಏಕೆ ಕೆಡುತ್ತದೆ, ಕೆಟ್ಟಾಗ ದೋಷವನ್ನು ಕಂಡುಹಿಡಿಯುವ ಬಗೆ ಯಾವುದು ಎಂಬುದನ್ನು ವಿಚಾರಮಾಡೋಣ.

ತೆಗೆದದ್ದೋ, ಸೇರಿಸಿದ್ದೋ?

ಮದುವೆಯ ಮನೆಯೊಂದರಲ್ಲಿ ಸಾಮಾನಿನ ಪಟ್ಟಿಗೆ ಎರಡು ಪ್ರತಿಗಳಿವೆ. ಒಂದು ಅಣ್ಣನ ಕೈಯಲ್ಲಿ, ಮತ್ತೊಂದು ತಮ್ಮನ ಕೈಯಲ್ಲಿ. ಪ್ರತಿದಿನ ಸಂಜೆ ಇಬ್ಬರೂ ಕುಳಿತು ತಾಳೆನೋಡುತ್ತಾರೆ. ಇಂದು ಅಣ್ಣನ ಪಟ್ಟಿಯಲ್ಲಿ ಗೋಡಂಬಿ ಇದೆ. ತಮ್ಮನ ಪಟ್ಟಿಯಲ್ಲಿ ಇಲ್ಲ. ಇದರ ಅರ್ಥವೇನು? ಅಣ್ಣನು ಹೊಸದಾಗಿ ಸೇರಿಸಿರಬಹುದು. ಅಥವಾ ಎರಡರಲ್ಲಿಯೂ ಇದ್ದುದನ್ನು ತಮ್ಮನು ಬೇಡವೆಂದು ತೆಗೆದಿರಬಹುದು. ಆ ಎರಡು ಕಾಗದಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಪ್ರಶ್ನೆ ಬಗೆಹರಿಯದು. ನಿನ್ನೆ ತಾಳೆನೋಡಿದಾಗ ಪಟ್ಟಿ ಹೇಗಿತ್ತೆಂಬುದಕ್ಕೆ ಮೂರನೆಯದೊಂದು ಪ್ರತಿ ಇದ್ದರೆ ಮಾತ್ರ ಉತ್ತರ ದೊರೆಯುತ್ತದೆ. ನಿನ್ನೆ ಗೋಡಂಬಿ ಇದ್ದಿದ್ದರೆ ತಮ್ಮನು ತೆಗೆದಿದ್ದಾನೆ. ಇರದಿದ್ದರೆ ಅಣ್ಣನು ಸೇರಿಸಿದ್ದಾನೆ.

ಸಿಂಕ್ ಕ್ರಿಯೆಯ ತಿರುಳು ಇದೇ. ಹಿಂದಿನ ಸ್ಥಿತಿಯ ನೆನಪಿಲ್ಲದೆ ಎರಡು ಪಟ್ಟಿಗಳನ್ನು ಸರಿಯಾಗಿ ಕೂಡಿಸಲಾಗದು. ಆದುದರಿಂದ ಅನೇಕ ತಂತ್ರಾಂಶಗಳು ಅಳಿಸಿದ ಕೆಲಸವನ್ನು ಒಡನೆಯೇ ಸಂಪೂರ್ಣವಾಗಿ ಮರೆತುಬಿಡದೆ, ‘ಇದನ್ನು ಅಳಿಸಿದೆ’ ಎಂಬ ಒಂದು ಗುರುತನ್ನು ಉಳಿಸಿಕೊಳ್ಳುತ್ತವೆ. ತಂತ್ರಜ್ಞರು ಇದಕ್ಕೆ ‘ಗೋರಿಕಲ್ಲು’ ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಕೆಲವು ವ್ಯವಸ್ಥೆಗಳು ಈ ಗುರುತುಗಳನ್ನು ಸ್ವಲ್ಪ ಕಾಲದ ಮೇಲೆ ತೆಗೆದುಹಾಕುವುದುಂಟು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಫೋನನ್ನು ಮತ್ತೆ ಹೊತ್ತಿಸಿದಾಗ, ಎಂದೋ ಅಳಿಸಿದ ಕೆಲಸಗಳು ಜೀವ ತಳೆದು ಬರುವುದು ಅನೇಕ ವೇಳೆ ಇದರಿಂದಲೇ.

ಹೆಸರು ಬೇರೆ, ಗುರುತು ಬೇರೆ

ಒಂದೇ ಊರಿನಲ್ಲಿ ಇಬ್ಬರು ರಾಮರಾಯರಿದ್ದರೆ ಅಂಚೆಯವನಿಗೆ ಹೆಸರೊಂದೇ ಸಾಲದು. ಕೆಲಸಗಳ ವಿಷಯವೂ ಹಾಗೆಯೇ. ‘ಶುಲ್ಕ ಕಟ್ಟುವುದು’ ಎಂಬ ಶೀರ್ಷಿಕೆ ಹತ್ತು ಕೆಲಸಗಳಿಗೆ ಇರಬಹುದು. ಕ್ಯಾಲೆಂಡರ್ ಮತ್ತು ಕಾರ್ಯಪಟ್ಟಿಗಳನ್ನು ಬರೆದಿಡಲು 1998ರಲ್ಲಿ ಪ್ರಕಟವಾದ ‘ಐಕ್ಯಾಲೆಂಡರ್’ ಎಂಬ ಮಾನಕವು ಪ್ರತಿಯೊಂದು ಕೆಲಸಕ್ಕೂ ಬೇರೆಲ್ಲಿಯೂ ಬಾರದಂತಹ ಒಂದು ಗುರುತಿನ ಸಂಖ್ಯೆಯನ್ನು ವಿಧಿಸಿತು. ಶೀರ್ಷಿಕೆ ಬದಲಾದರೂ ಈ ಗುರುತು ಬದಲಾಗಬಾರದು. ಪಟ್ಟಿಯನ್ನು ಒಂದು ತಂತ್ರಾಂಶದಿಂದ ಹೊರತೆಗೆದು ಮತ್ತೊಂದಕ್ಕೆ ತುಂಬುವಾಗ ಹೊಸ ಗುರುತುಗಳು ಹುಟ್ಟಿಕೊಂಡರೆ, ಯಂತ್ರದ ಪಾಲಿಗೆ ಅವು ಹೊಸ ಕೆಲಸಗಳೇ ಸರಿ. ಒಂದೊಂದು ಕೆಲಸವೂ ಎರಡೆರಡು ಬಾರಿ ಕಾಣಿಸುವುದಕ್ಕೆ ಇದೊಂದು ಮುಖ್ಯ ಕಾರಣ.

ಇ-ಮೇಲಿಗೆ ಕಟ್ಟಿದ ಕೆಲಸಗಳಲ್ಲಿ ಇನ್ನೊಂದು ತೊಡಕಿದೆ. ದೂರದ ಸರ್ವರಿನಲ್ಲಿರುವ ಪತ್ರಗಳನ್ನು ಓದುವುದಕ್ಕಾಗಿ ಮಾರ್ಕ್ ಕ್ರಿಸ್ಪಿನ್ ಎಂಬವರು 1986ರಲ್ಲಿ ‘ಐಮ್ಯಾಪ್’ ಎಂಬ ವಿಧಾನವನ್ನು ರೂಪಿಸಿದರು. ಇದರಲ್ಲಿ ಪತ್ರಕ್ಕೆ ಕೊಡುವ ಸಂಖ್ಯೆಯು ಆಯಾ ಪೆಟ್ಟಿಗೆಗೆ ಮಾತ್ರ ಸಂಬಂಧಿಸಿದುದು. ಪತ್ರವನ್ನು ಬೇರೊಂದು ಪೆಟ್ಟಿಗೆಗೆ ಸರಿಸಿದರೆ ಅಲ್ಲಿ ಅದಕ್ಕೆ ಬೇರೆ ಸಂಖ್ಯೆ. ಕಾರ್ಯಪಟ್ಟಿಯು ಹಳೆಯ ಸಂಖ್ಯೆಯನ್ನೇ ನಂಬಿಕೊಂಡಿದ್ದರೆ ಕೊಂಡಿ ಕಡಿದುಹೋಗುತ್ತದೆ. ಪತ್ರದ ತಲೆಬರಹದಲ್ಲಿಯೇ ಇರುವ ‘ಮೆಸೇಜ್-ಐಡಿ’ಯನ್ನು ಹಿಡಿದು ಹುಡುಕುವ ತಂತ್ರಾಂಶಕ್ಕೆ ಈ ಕಷ್ಟವಿಲ್ಲ.

ಯಾವುದು ಈಚಿನದು?

ಒಂದೇ ಕೆಲಸವನ್ನು ಎರಡು ಕಡೆಯಲ್ಲಿಯೂ ತಿದ್ದಿದ್ದರೆ ಯಾವುದನ್ನು ಒಪ್ಪಬೇಕು? ಈಚೆಗೆ ತಿದ್ದಿದ್ದನ್ನು ಎಂಬುದು ಸಹಜವಾದ ಉತ್ತರ. ಆದರೆ ‘ಈಚೆಗೆ’ ಎಂಬುದನ್ನು ನಿರ್ಣಯಿಸುವ ಗಡಿಯಾರಗಳು ಎರಡಾಗಿವೆಯಷ್ಟೆ! ಕಂಪ್ಯೂಟರಿನ ಗಡಿಯಾರವು ಹತ್ತು ನಿಮಿಷ ಮುಂದೆ ಇದ್ದರೆ, ಅದರಲ್ಲಿ ಮೊದಲು ಮಾಡಿದ ತಿದ್ದುಪಡಿಯು, ಐದು ನಿಮಿಷಗಳ ಅನಂತರ ಫೋನಿನಲ್ಲಿ ಮಾಡಿದ ತಿದ್ದುಪಡಿಯನ್ನು ಅನ್ಯಾಯವಾಗಿ ಅಳಿಸಿಹಾಕುತ್ತದೆ. ಅಮೆರಿಕದ ಗಣಕವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟರು 1978ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ದೂರದೂರದ ಯಂತ್ರಗಳಲ್ಲಿ ನಡೆಯುವ ಘಟನೆಗಳ ಪೂರ್ವಾಪರವನ್ನು ಗಡಿಯಾರದ ಹಂಗಿಲ್ಲದೆ, ಅವು ಒಂದಕ್ಕೊಂದು ಕಳುಹಿಸುವ ಸಂದೇಶಗಳ ಕ್ರಮದಿಂದ ವಿಚಾರಮಾಡುವ ಮಾರ್ಗವನ್ನು ತೋರಿಸಿದರು.

2007ರಲ್ಲಿ ಪ್ರಕಟವಾದ ‘ಕ್ಯಾಲ್‌ಡಾವ್’ ವಿಧಾನವೂ ಗಡಿಯಾರವನ್ನು ಬಿಟ್ಟು ಮುದ್ರೆಯನ್ನು ಅವಲಂಬಿಸುತ್ತದೆ. ಸರ್ವರು ಪ್ರತಿ ಕೆಲಸದ ಜೊತೆಗೆ ‘ಈಟ್ಯಾಗ್’ ಎಂಬ ಮುದ್ರೆಯನ್ನು ಕಳುಹಿಸುತ್ತದೆ. ಕೆಲಸ ಬದಲಾದರೆ ಮುದ್ರೆಯೂ ಬದಲಾಗುತ್ತದೆ. ತಿದ್ದುಪಡಿಯನ್ನು ಒಪ್ಪಿಸುವ ತಂತ್ರಾಂಶವು ತಾನು ಕಂಡಿದ್ದ ಮುದ್ರೆಯನ್ನೂ ತೋರಿಸಬಹುದು. ಅದು ಹಳೆಯದಾಗಿದ್ದರೆ ಸರ್ವರು 412 ಎಂಬ ಸಂಖ್ಯೆಯ ಉತ್ತರವಿತ್ತು ತಿರಸ್ಕರಿಸುತ್ತದೆ. ‘ನಡುವೆ ಬೇರೆ ಯಾರೋ ತಿದ್ದಿದ್ದಾರೆ, ಮೊದಲು ಅದನ್ನು ನೋಡು’ ಎಂದು ಇದರ ಭಾವ.

ತಾರೀಖು ಜಾರುವುದೇಕೆ?

ಭಾರತದ ಕಾಲವು ವಿಶ್ವಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ‘ಆಗಸ್ಟ್ 15’ ಎಂಬ ಬರಿಯ ದಿನವನ್ನು ತಂತ್ರಾಂಶವೊಂದು ‘15ರ ಶೂನ್ಯ ಗಂಟೆ’ ಎಂಬ ಕ್ಷಣವಾಗಿ ಮಾಡಿ ವಿಶ್ವಕಾಲಮಾನದಲ್ಲಿ ಬರೆದಿಟ್ಟರೆ, ಅದು 14ರ 18 ಗಂಟೆ 30 ನಿಮಿಷವಾಗುತ್ತದೆ. ಇನ್ನೊಂದು ತಂತ್ರಾಂಶವು ಅದರಿಂದ ದಿನವನ್ನು ಮಾತ್ರ ಕಿತ್ತುಕೊಂಡರೆ ಕಾಣುವುದು 14! ದಿನವೇ ಬೇರೆ, ಕ್ಷಣವೇ ಬೇರೆ. ಐಕ್ಯಾಲೆಂಡರ್ ಮಾನಕವು ಇವೆರಡನ್ನೂ ಪ್ರತ್ಯೇಕವಾಗಿಯೇ ಇಟ್ಟಿದೆ; ಅದನ್ನು ಪಾಲಿಸದ ಕಡೆ ಈ ದೋಷ ತಲೆಯೆತ್ತುತ್ತದೆ. ಎಲ್ಲ ತಾರೀಖುಗಳೂ ಒಂದೇ ದಿನದಷ್ಟು ಜಾರಿದ್ದರೆ ಮೊದಲು ಕಾಲವಲಯವನ್ನೇ ಸಂಶಯಿಸಬೇಕು.

ದೋಷವನ್ನು ಹುಡುಕುವ ಕ್ರಮ

ಮೊತ್ತಮೊದಲು ಎರಡು ಪಟ್ಟಿಗಳಿಗೂ ನಕಲು ತೆಗೆದಿಡತಕ್ಕದ್ದು. ಸರಿಪಡಿಸಲು ಹೋಗಿ ಉಳಿದುದನ್ನೂ ಕಳೆದುಕೊಂಡವರು ಅನೇಕರು.

ಎರಡನೆಯದಾಗಿ, ಎರಡು ತಂತ್ರಾಂಶಗಳೂ ಒಂದೇ ಖಾತೆಯ ಒಂದೇ ಪಟ್ಟಿಗೆ ಸೇರಿವೆಯೇ ಎಂಬುದನ್ನು ನೋಡಬೇಕು. ಕೆಲವು ಇ-ಮೇಲ್ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಮಾತ್ರ ಉಳಿಯುವ ಪಟ್ಟಿಯೊಂದನ್ನು ಇಟ್ಟಿರುತ್ತವೆ. ಅದರಲ್ಲಿ ಬರೆದುದು ಎಂದಿಗೂ ಹೊರಗೆ ಹೋಗದು. ಪತ್ರಗಳು ಬರುತ್ತಿವೆಯೆಂಬುದು ಸಿಂಕ್ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ. ಐಮ್ಯಾಪ್ ಪತ್ರಗಳಿಗಾಗಿ ಇರುವ ದಾರಿ. ಕೆಲಸಗಳು ಸಾಮಾನ್ಯವಾಗಿ ಬೇರೆ ದಾರಿಯಲ್ಲಿ ಸಂಚರಿಸುತ್ತವೆ.

ಮೂರನೆಯದಾಗಿ, ‘ಪ್ರಯೋಗ 1’ ಎಂಬ ಹೊಸ ಕೆಲಸವೊಂದನ್ನು ಇ-ಮೇಲ್ ತಂತ್ರಾಂಶದಲ್ಲಿ ಬರೆದು, ಬ್ರೌಸರಿನ ಮೂಲಕ ಸರ್ವರಿನಲ್ಲಿ ಅದು ಕಾಣುವುದೇ ಎಂದು ಪರೀಕ್ಷಿಸಬೇಕು. ಅಲ್ಲಿ ಕಾಣದಿದ್ದರೆ ದೋಷವು ಮೊದಲರ್ಧ ದಾರಿಯಲ್ಲಿದೆ. ಅಲ್ಲಿ ಕಂಡು ಫೋನಿನಲ್ಲಿ ಕಾಣದಿದ್ದರೆ ಉಳಿದರ್ಧದಲ್ಲಿದೆ. ಅನಂತರ ಅದನ್ನೇ ತಿದ್ದಿ, ಮುಗಿಯಿತೆಂದು ಗುರುತುಮಾಡಿ, ಕೊನೆಗೆ ಅಳಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಬಳಿಕ ಫೋನಿನಿಂದ ಆರಂಭಿಸಿ ಇದನ್ನೇ ಮತ್ತೆ ಮಾಡಬೇಕು. ಒಂದು ಬಾರಿಗೆ ಒಂದೇ ಬದಲಾವಣೆ ಎಂಬ ಪ್ರಯೋಗಶಾಲೆಯ ನಿಯಮ ಇಲ್ಲಿಯೂ ಸಲ್ಲುತ್ತದೆ.

ನಾಲ್ಕನೆಯದಾಗಿ, ದೋಷವು ಎಂದಿನಿಂದ ಆರಂಭವಾಯಿತೆಂದು ಕೇಳಿಕೊಳ್ಳಬೇಕು. ಒಂದು ದಿನದಿಂದೀಚೆಗೆ ಎಲ್ಲವೂ ನಿಂತಿದ್ದರೆ ಪಾಸ್‌ವರ್ಡ್ ಬದಲಾಗಿರಬಹುದು, ಇಲ್ಲವೇ ಅನುಮತಿಯ ಅವಧಿ ತೀರಿರಬಹುದು. ಕೆಲವು ಕೆಲಸಗಳು ಮಾತ್ರ ತಪ್ಪುತ್ತಿದ್ದರೆ ಗುರುತು, ತಾರೀಖು, ಗಡಿಯಾರಗಳ ಕಡೆಗೆ ಗಮನ ಕೊಡಬೇಕು. ಖಾತೆಯನ್ನು ತೆಗೆದು ಮರಳಿ ಸೇರಿಸುವುದು ಕಟ್ಟಕಡೆಯ ಉಪಾಯ. ಸರ್ವರಿಗೆ ತಲುಪದೆ ಉಳಿದ ಕೆಲಸಗಳು ಅದರಿಂದ ನಷ್ಟವಾಗಬಹುದೆಂಬುದನ್ನು ಮರೆಯಬಾರದು.

ಬ್ಯಾಂಕುಗಳ ಲೆಕ್ಕ, ರೈಲಿನ ಟಿಕೆಟ್ಟು, ಆಸ್ಪತ್ರೆಗಳ ದಾಖಲೆ ಇವೆಲ್ಲವುಗಳ ಹಿಂದೆಯೂ ಒಂದು ವಿಷಯವನ್ನು ಹಲವು ಕಡೆ ಬರೆದು ಒಂದಾಗಿಡುವ ಈ ಸಮಸ್ಯೆಯೇ ಇದೆ. ಗಣಕವಿಜ್ಞಾನವನ್ನು ಅಭ್ಯಾಸಮಾಡಬೇಕೆಂದಿರುವ ವಿದ್ಯಾರ್ಥಿಗೆ ತನ್ನ ಫೋನಿನ ಕಾರ್ಯಪಟ್ಟಿಯೇ ಮೊದಲನೆಯ ಪ್ರಯೋಗಶಾಲೆಯಾಗಬಹುದು. ಆದರೂ ಶುಲ್ಕ ಕಟ್ಟುವ ಕಡೆಯ ದಿನವನ್ನು ಗೋಡೆಯ ಪಂಚಾಂಗದಲ್ಲಿಯೂ ಒಮ್ಮೆ ಗುರುತುಹಾಕಿಡುವುದರಿಂದ ನಷ್ಟವೇನೂ ಇಲ್ಲ.